ಖಾಲಿ ಬಿಟ್ಟ ಹತ್ತು ಚೌಕಗಳು

ಮೊದಲ ದಿನ ಅವರು ಕನ್ನಡಿಯ ಮುಂದೆ ನಾಲಗೆ ಚಾಚಲು ಒಪ್ಪಲಿಲ್ಲ. ವಯಸ್ಸು ನಲವತ್ತೆಂಟು. ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವರು. ಮಗಳ ವಯಸ್ಸಿನವಳ ಎದುರು ಬಾಯಿ ತೆರೆದು ಕೂರಲು ಅವರಿಗೆ ನಾಚಿಕೆ. ನಾನು ಬಾಗಿಲ ಕಡೆ ಮುಖ ಮಾಡಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಬೆನ್ನ ಹಿಂದಿನಿಂದ ಮಾತು ಬಂತು: "ಆತ್ರಿ ಮ್ಯಾಡಮ್. ಚಾಚಿ ಒಳಗ ತಗೊಂಡೆ."

ನೋಟುಬುಕ್ಕಿನಲ್ಲಿ ಬರೆದುಕೊಂಡೆ: ದಿನ ೧, ಶುಕ್ರವಾರ. ನಾಲಗೆ ಚಾಚುವುದು, ೧ ಸಲ. ನಾನು ನೋಡಿಲ್ಲ.

'ನಾನು ನೋಡಿಲ್ಲ' ಎಂಬ ಆ ಎರಡು ಪದಗಳನ್ನು ಮುಂದಿನ ಮೂರು ತಿಂಗಳಲ್ಲಿ ಮತ್ತೊಮ್ಮೆಯೂ ಬರೆಯಲಿಲ್ಲ. ಬರೆಯಬೇಕಾದ ದಿನಗಳು ಬಹಳ ಇದ್ದವು.

ಆಗ ನಾನು ಸಾಂಗ್ಲಿ-ಮಿರಜ ರಸ್ತೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಫಿಜಿಯೋಥೆರಪಿಸ್ಟ್. ಆ ವರ್ಷಗಳಲ್ಲಿ ಆ ರಸ್ತೆಯ ಎರಡೂ ಬದಿಗೆ ಕೆಲವು ತಿಂಗಳಿಗೊಂದು ಹೊಸ ಬೋರ್ಡು ಏಳುತ್ತಿತ್ತು: ಮೋಟಾರ್‌ಸೈಕಲ್ ಅಂಗಡಿ, ಸ್ಕ್ಯಾನ್ ಕೇಂದ್ರ, ಮತ್ತೊಂದು ಆಸ್ಪತ್ರೆ. ನನ್ನ ಪಾಲಿಗೆ ಬರುತ್ತಿದ್ದದ್ದು ಮೊಣಕಾಲು, ಸೊಂಟ, ಪಾರ್ಶ್ವವಾಯು ಬಡಿದ ಕೈಕಾಲು. ಎದೆರೋಗದ ಡಾಕ್ಟರು ನಿದ್ರೆಯನ್ನು ಅಳೆಯುವ ಯಂತ್ರ ತರಿಸಿದ್ದರು. ಒಂದು ದಿನ ನನ್ನನ್ನು ಕರೆದು, ನಾಲಗೆ ಮತ್ತು ಗಂಟಲಿನ ವ್ಯಾಯಾಮಗಳನ್ನು ವಿವರಿಸಿದ ಕೆಲವು ಹಾಳೆಗಳನ್ನು ಕೈಗಿಟ್ಟರು. ಮೊಣಕಾಲಿಗೆ ವ್ಯಾಯಾಮ ಇರುವಾಗ ಗಂಟಲಿಗೆ ಏಕಿರಬಾರದು ಎಂದು ಮರಾಠಿಯಲ್ಲಿ ಕೇಳಿದರು. ಹಾಳೆಗಳನ್ನು ಮನೆಗೆ ಒಯ್ದು ಮೂರು ಸಲ ಓದಿದೆ.

ರೋಗಿ, ಅಂದರೆ ನಾನು ಕಾಕಾ ಎಂದು ಕರೆಯುತ್ತಿದ್ದವರು, ಮಿರಜ ಹತ್ತಿರದ ಬೇಡಗದವರು. ಬೇಡಗದಿಂದ ಮಿರಜಿಗೆ ಜೀಪು ಓಡಿಸುತ್ತಿದ್ದರು. ಸೀಟು ತುಂಬಿದ ಹಾಗೆ ಹೊರಡುವ ಇಂಥ ಜೀಪಿಗೆ ನಮ್ಮ ಕಡೆ ವಡಾಪ ಎನ್ನುತ್ತಾರೆ. ಆ ಬೇಸಿಗೆಯ ಒಂದು ಮಧ್ಯಾಹ್ನ, ನೇರ ರಸ್ತೆಯಲ್ಲಿ, ಹನ್ನೊಂದು ಜನರಿದ್ದ ಜೀಪು ಎಡಗಡೆಯ ಚರಂಡಿಗೆ ಇಳಿದಿತ್ತು. ಹತ್ತು ಜನರಿಗೆ ತರಚು ಗಾಯ. ಮುಂದಿನ ಸೀಟಿನಲ್ಲಿ ಕುಳಿತಿದ್ದ, ಅವರ ಮನೆಯಲ್ಲೇ ಇರುವ ಮಾವಶಿಗೆ, ಅಂದರೆ ಹೆಂಡತಿಯ ಚಿಕ್ಕಮ್ಮನಿಗೆ, ಬಲಗೈ ಮಣಿಕಟ್ಟು ಮುರಿದಿತ್ತು. ನಿದ್ದೆ ಬಂದದ್ದು ತಮಗೆ ಗೊತ್ತೇ ಇಲ್ಲ ಎಂದು ಅವರು ಹೇಳುತ್ತಿದ್ದರು. "ಕಣ್ಣು ತೆರದೇ ಇದ್ದೆ. ರಸ್ತೆ ಇದ್ದಕ್ಕಿದ್ದಂಗ ಎಡಕ್ಕ ಹೋತು."

ಡಾಕ್ಟರ ಯಂತ್ರ ಬೇರೆ ಹೇಳಿತು. ಮಲಗಿದಾಗ ಅವರ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಗೆ ಹಿಂದಕ್ಕೆ ಬಿದ್ದು, ಉಸಿರಿನ ದಾರಿ ಮುಚ್ಚುತ್ತಿತ್ತು. ಗಂಟೆಗೆ ಇಪ್ಪತ್ತೆರಡು ಸಲ. ಪ್ರತಿ ಸಲವೂ ಅರೆ ಎಚ್ಚರ. ಹಾಗೆ ಕಳೆದುಹೋದ ನಿದ್ದೆಯೇ ಮಧ್ಯಾಹ್ನ ರಸ್ತೆಯಲ್ಲಿ ಬರುತ್ತಿತ್ತು. ಮೂಗಿನ ಮುಖವಾಡದಿಂದ ಗಾಳಿ ಊದುವ ಯಂತ್ರವನ್ನು ಡಾಕ್ಟರು ಹತ್ತು ದಿನ ಪರೀಕ್ಷೆಗೆಂದು ಕೊಟ್ಟು ನೋಡಿದರು. ಬೇಡಗದಲ್ಲಿ ಲೋಡ್‌ಶೆಡ್ಡಿಂಗ್. ಕರೆಂಟು ಹೋದ ಕೂಡಲೇ ಅವರು ಉಸಿರುಗಟ್ಟಿ ಮುಖವಾಡ ಕಿತ್ತೊಗೆಯುತ್ತಿದ್ದರು. ಯಂತ್ರ ಹಿಂದಿರುಗಿಸಲು ಬಂದ ಅವರ ಹೆಂಡತಿ, ಅಂದರೆ ನಾನು ಕಾಕು ಎಂದು ಕರೆಯುತ್ತಿದ್ದವರು, "ಕರೆಂಟ್ ಹೋದ್ರ ಇದು ಸತ್ತ ಆನಿ ಸೊಂಡಿ ಆಗ್ತೈತ್ರಿ" ಎಂದು ಮೇಜಿನ ಮೇಲಿಟ್ಟರು.

ಹೀಗಾಗಿ ವ್ಯಾಯಾಮ. ಡಾಕ್ಟರ ಷರತ್ತು ಮೂರು: ತೂಕ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು, ತೊಂಬತ್ತು ದಿನ ಸ್ಟೀರಿಂಗ್ ಮುಟ್ಟಬಾರದು. ಆಮೇಲೆ ಅವರು ಪರೀಕ್ಷಿಸಿ ಚೀಟಿ ಬರೆದುಕೊಟ್ಟರೆ ಮಾತ್ರ ಜೀಪು. ಅಲ್ಲಿಯವರೆಗೆ ಜೀಪಿನ ಚಾವಿ ಮಾವಶಿಯ ಎಲೆಯಡಿಕೆ ಚೀಲದಲ್ಲಿ ಇರತಕ್ಕದ್ದು ಎಂದು ಮನೆಯವರೇ ತೀರ್ಮಾನಿಸಿದರು. ಕೈ ಮುರಿದುಕೊಂಡವರು ಅವರೇ ಆದ್ದರಿಂದ ಯಾರೂ ಎದುರಾಡಲಿಲ್ಲ.

ನಾನು ಕಲಿಸಿದ್ದು ಐದು. ನಾಲಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದಿಟ್ಟು ಅಂಗುಳದ ಮೇಲೆ ಹಿಂದಕ್ಕೆ ಜಾರಿಸುವುದು. ಇಡೀ ನಾಲಗೆಯನ್ನು ಅಂಗುಳಕ್ಕೆ ಹೀರಿ ಹಿಡಿಯುವುದು. ತುದಿಯನ್ನು ಕೆಳಹಲ್ಲಿಗೆ ತಾಗಿಸಿ ನಾಲಗೆಯ ಬುಡವನ್ನು ಕೆಳಕ್ಕೆ ಒತ್ತುವುದು. ಬಾಯಿ ಅಗಲಿಸಿ "ಆ, ಆ" ಎಂದು ಬಿಟ್ಟು ಬಿಟ್ಟು ಹೇಳುತ್ತ ಕಿರುನಾಲಗೆಯನ್ನು ಮೇಲೆತ್ತುವುದು. ಬೆರಳನ್ನು ಕೆನ್ನೆಯೊಳಗಿಟ್ಟು ಹೊರಕ್ಕೆ ಎಳೆಯುತ್ತ, ಕೆನ್ನೆಯಿಂದ ಅದನ್ನು ಒಳಕ್ಕೆ ಅದುಮುವುದು. ಒಂದೊಂದು ಇಪ್ಪತ್ತು ಸಲ, ದಿನಕ್ಕೆ ಮೂರು ಹೊತ್ತು. ಇವು ನಿಧಾನದ ಕೆಲಸ. ಗಂಟಲಿನ ಸ್ನಾಯು ಬಲಗೊಳ್ಳಲು ತಿಂಗಳುಗಳು ಬೇಕು, ಎಲ್ಲರಿಗೂ ಸಮನಾಗಿ ಫಲ ಕೊಡುವುದೂ ಇಲ್ಲ. ಇದನ್ನು ಮೊದಲೇ ಹೇಳಿದ್ದೆ. ಕಾಕಾ ತಲೆಯಾಡಿಸಿದ್ದರು.

ಎರಡು ತಖ್ತೆ, ಅಂದರೆ ದಿನಕ್ಕೊಂದು ಚೌಕವಿರುವ ಹಾಳೆ, ಗೆರೆ ಹಾಕಿಕೊಟ್ಟೆ. ಒಂದು ಕಾಕಾಗೆ, ವ್ಯಾಯಾಮ ಎಣಿಸಲು. ಇನ್ನೊಂದು ಕಾಕುಗೆ. ಗಂಡನ ಉಸಿರು ನಿಂತದ್ದು ಕೇಳಿ ಎಬ್ಬಿಸಿದಾಗಲೆಲ್ಲ ಹಾಸಿಗೆ ಪಕ್ಕದ ಬಟ್ಟಲಿಗೆ ಒಂದು ಜೋಳದ ಕಾಳು ಹಾಕಬೇಕು, ಬೆಳಿಗ್ಗೆ ಎಣಿಸಿ ಚೌಕದಲ್ಲಿ ಬರೆಯಬೇಕು. ಕಾಳಿನ ಉಪಾಯ ಕಾಕುವಿನದೇ. ಯಂತ್ರದಷ್ಟು ನಿಖರವಲ್ಲ, ಆದರೆ ಇಳಿಯುತ್ತಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ ಎಂದುಕೊಂಡೆ.

ಮೊದಲ ವಾರ: ೯, ೧೧, ೮, ೯, ೧೦, ೯, ೯. ಹನ್ನೆರಡನೆಯ ದಿನದ ಚೌಕ ಖಾಲಿಯಿತ್ತು, ಹತ್ತೊಂಬತ್ತನೆಯದೂ. ಕಾಕುವನ್ನು ಕೇಳಿದೆ. ಆ ಎರಡು ದಿನ ಅವರು ಮಗ್ಗುಲಾಗಿ ಮಲಗಿ ಏಳಲೇ ಇಲ್ಲ, ಬರೆಯುವುದು ಏನಿದೆ ಎಂದು ಬಿಟ್ಟೆ ಎಂದರು. ನೋಟುಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ನಿಯಮ ಬರೆದುಕೊಂಡೆ: ಖಾಲಿ ಚೌಕ ಎಂದರೆ ೦. ಬರೆದು ಕೆಳಗೆ ಗೆರೆ ಎಳೆದೆ. ನಿಯಮ ಮಾಡಿಕೊಂಡಾಗ ನನಗೆ ಸಮಾಧಾನವಾಗುತ್ತದೆ.

ಒಂದು ತಿಂಗಳಾಗುವ ಹೊತ್ತಿಗೆ ಚಾತುರ್ಮಾಸ ಹಿಡಿಯಿತು. ಅವರದು ಜೈನ ಮನೆತನ. ಕಾಕಾ ಒಪ್ಪೊತ್ತು ಊಟ ಹಿಡಿದರು. ತೂಕ ಎರಡು ಕಿಲೋ ಇಳಿಯಿತು. ವಾರಕ್ಕೊಮ್ಮೆ ಆಸ್ಪತ್ರೆಗೆ ಬಂದಾಗ ಅವರ ನಾಚಿಕೆಗೆಂದು ನಾನು ಒಂದೆರಡು ಸಲ ಮಾತ್ರ ಮಾಡಿಸಿ, ಉಳಿದದ್ದನ್ನು ತಖ್ತೆಯಿಂದ ಓದುತ್ತಿದ್ದೆ. ತಖ್ತೆ ತುಂಬಿರುತ್ತಿತ್ತು. ಒಂದೂ ಹೊತ್ತು ತಪ್ಪಿರಲಿಲ್ಲ. ನಲವತ್ತನೆಯ ದಿನ ಅವರು ಹೇಳಿದರು: "ನೀವು ಇಪ್ಪತ್ತಂದ್ರಿ. ನಾ ನೂರಾ ಎಂಟು ಮಾಡಾಕತ್ತೇನಿ." ಅದನ್ನು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಐದು ವ್ಯಾಯಾಮ, ನೂರೆಂಟು ಸಲ, ಮೂರು ಹೊತ್ತು: ಅಷ್ಟಕ್ಕೆ ಎಷ್ಟು ಗಂಟೆ ಬೇಕು, ಅಷ್ಟು ಮಾಡಿದ ನಾಲಗೆ ನೋಯುವುದಿಲ್ಲವೇ ಎಂದು ಲೆಕ್ಕ ಹಾಕಬಹುದಿತ್ತು. ಉಳಿದ ಎಲ್ಲ ಲೆಕ್ಕಗಳನ್ನೂ ನಾನು ಹಾಕಿದ್ದೆ.

ಕಾಳುಗಳು ನಿಧಾನವಾಗಿ ಒಂಬತ್ತರಿಂದ ಎಂಟಕ್ಕೆ, ಎಂಬತ್ತನೆಯ ದಿನದ ಹೊತ್ತಿಗೆ ಏಳಕ್ಕೆ ಬಂದವು. ತೂಕ ಇಳಿದದ್ದರಿಂದಲೇ ಇರಬಹುದಾದಷ್ಟು ಇಳಿತ. ಡಾಕ್ಟರಿಗೆ ನಿರಾಸೆಯಾಗಿತ್ತು, ನನಗೂ. ಆಗ ಭಾದ್ರಪದದ ದಶಲಕ್ಷಣ ಪರ್ವ ಬಂತು. ಹತ್ತು ದಿನ ಉಪವಾಸ, ಪೂಜೆ, ಬಸದಿ. ಕಾಕಾ ಆಸ್ಪತ್ರೆಗೆ ಬರಲಿಲ್ಲ. ಪರ್ವ ಮುಗಿದ ಮರುದಿನ ತೊಂಬತ್ತು ದಿನದ ತಖ್ತೆಗಳನ್ನು ಒಬ್ಬರೇ ತಂದುಕೊಟ್ಟರು. ಹಗಲು ನಿದ್ದೆಯ ಬಗ್ಗೆ ನಾನು ಕೇಳಿದ ಎಂಟು ಪ್ರಶ್ನೆಗಳಿಗೂ ಇಲ್ಲ ಎಂದರು. ಕಾಕುವಿನ ತಖ್ತೆಯಲ್ಲಿ ಎಂಬತ್ತೊಂದರಿಂದ ತೊಂಬತ್ತರವರೆಗೆ ಹತ್ತು ಚೌಕಗಳು ಖಾಲಿ.

ನನ್ನ ಬಳಿ ನಿಯಮವಿತ್ತು. ಚೊಕ್ಕ ಪ್ರತಿ ಮಾಡುವಾಗ ಹತ್ತು ಸೊನ್ನೆ ಬರೆದೆ. ಗ್ರಾಫ್ ಹಾಳೆಯ ಮೇಲೆ ಕೆಂಪು ಗೆರೆ, ಎರಡು ಕಡೆ ಕುಸಿದದ್ದು ಬಿಟ್ಟರೆ, ಎಂಬತ್ತು ದಿನ ಮಲಗಿ ನಡೆದು, ಆಮೇಲೆ ನೆಲಕ್ಕೆ ಇಳಿದು ಅಲ್ಲೇ ಉಳಿಯಿತು.

ಆ ಹಾಳೆಯನ್ನು ಡಾಕ್ಟರು ಬಹಳ ಹೊತ್ತು ಹಿಡಿದುಕೊಂಡಿದ್ದರು. ನಿದ್ರೆ ಅಳೆಯುವ ಯಂತ್ರ ಕೆಟ್ಟು ಪುಣೆಗೆ ಹೋಗಿತ್ತು. ಬರಲು ಮೂರು ವಾರ. ಅಷ್ಟು ದಿನ ಒಬ್ಬ ಮನುಷ್ಯನ ದುಡಿಮೆ ನಿಲ್ಲಿಸುವುದು ಬೇಡ, ಗೆರೆ ಇಷ್ಟು ಸ್ಪಷ್ಟವಾಗಿದೆ ಎಂದರು. ಶನಿವಾರ ಸಾಂಗ್ಲಿಯಲ್ಲಿ ವೈದ್ಯರ ಒಂದು ಕೂಟದಲ್ಲಿ ಅದನ್ನು ಪರದೆಯ ಮೇಲೆ ತೋರಿಸಿದರು. ನನ್ನ ಹೆಸರು ಹೇಳಿ ಎದ್ದು ನಿಲ್ಲಿಸಿದರು. ಚಪ್ಪಾಳೆಯಾಯಿತು. ಹಗಲು ಹೊತ್ತು, ಹತ್ತಿರದ ದೂರಕ್ಕೆ ವಾಹನ ಓಡಿಸಬಹುದು ಎಂಬ ಚೀಟಿಗೆ ಅಲ್ಲೇ ಸಹಿ ಹಾಕಿದರು. ಮರುದಿನ ಕಾಕು ಊಟಕ್ಕೆ ಕರೆದಿದ್ದರಿಂದ ನಾನೇ ಕೊಟ್ಟುಬರುತ್ತೇನೆ ಎಂದೆ.

ಭಾನುವಾರ. ದಿನ ೯೪ ಎಂದು ಬಸ್ಸಿನಲ್ಲೇ ಬರೆದುಕೊಂಡೆ. ಬೇಡಗದಲ್ಲಿ ಅವರ ಮನೆಯ ಮುಂದೆ ಜೀಪು ತೊಳೆದು ನಿಂತಿತ್ತು. ಮೂತಿಗೆ ಚೆಂಡುಹೂವಿನ ಮಾಲೆ. ಜಗುಲಿಯ ಮೇಲೆ ಮಾವಶಿ ಕುಳಿತಿದ್ದರು, ಎಲೆಯಡಿಕೆ ಚೀಲ ತೊಡೆಯ ಮೇಲೆ.

"ಬರ್ರಿ, ಕುಂದ್ರಿ" ಎಂದರು. "ನಿಮ್ಮ ಚೀಟಿ ಬಂದ್ರನ ಚಾವಿ ಬಿಡ್ತೇನಿ ಅಂತ ಹೇಳೇನಿ. ಮುಂಜಾನಿಂದ ಮೂರು ಸಲ ಕೇಳ್ಯಾನ ನಿಮ್ಮ ಕಾಕಾ. ಹೊಸಾ ಮದಿಮಗ ಕೇಳಿದಂಗ."

ಚೀಟಿ ಕೊಡುವ ಮುಂಚೆ ನನಗೊಂದು ಆಸೆಯಿತ್ತು. ನೂರೆಂಟು ಸಲ ಮಾಡಲು ಎಷ್ಟು ನಿಮಿಷ ಹಿಡಿಯುತ್ತದೆ ಎಂಬುದು ನನ್ನ ದಾಖಲೆಯಲ್ಲಿ ಇರಲಿಲ್ಲ. ಒಂದು ಸಲ ಮಾಡಿ ತೋರಿಸಿ ಎಂದೆ. ಕಾಕಾ ಚಾಪೆ ಹಾಸಿ ಪದ್ಮಾಸನದಲ್ಲಿ ಕುಳಿತರು. ಗೂಟದಿಂದ ಜಪಮಾಲೆ ತೆಗೆದುಕೊಂಡು ಕಣ್ಣು ಮುಚ್ಚಿದರು. ನಾನು ಕೈಗಡಿಯಾರ ನೋಡಿದೆ. ಹೆಬ್ಬೆರಳಿನ ಕೆಳಗೆ ಮಣಿಗಳು ಒಂದೊಂದಾಗಿ ಸರಿದವು. ಶುರುವಿಗೆ ಮೊದಲಿನ ಜಪ ಇರಬೇಕೆಂದು ಕಾದೆ. ತುಟಿ ಕೂಡಿಕೊಂಡೇ ಇತ್ತು. ಗಂಟಲು ಅಲುಗುತ್ತಿರಲಿಲ್ಲ. ಒಂಬತ್ತು ನಿಮಿಷವಾದ ಮೇಲೆ ಮಾಲೆಯನ್ನು ಕಣ್ಣಿಗೊತ್ತಿಕೊಂಡು ಕಣ್ಣು ತೆರೆದರು.

"ಸುರು ಮಾಡ್ರಿ ಕಾಕಾ" ಎಂದೆ.

"ಸುರು ಏನ್ರಿ? ಮೂರು ಮುಗದಾವು. ಜಾರ್ಸೋದು, ಹೀರೋದು, ಒತ್ತೋದು."

"ಬಾಯಿ ಅಲುಗಲೇ ಇಲ್ಲಲ್ರಿ."

"ಮನಸ್ಸಿನ್ಯಾಗ ಮಾಡೇನಲ್ಲ."

ಅವರು ನಗುತ್ತಿರಲಿಲ್ಲ. ವಿಷಯ ಹೀಗಿತ್ತು. ಮೊದಲ ತಿಂಗಳು ಬಾಯಿ ತೆರೆದೇ ಮಾಡಿದ್ದರು. "ಆ, ಆ" ಎಂದಾಗಲೆಲ್ಲ ಮಾವಶಿ ಒಳಗಿನಿಂದ "ಯಾರಿಗಿ ಹೆರಿಗಿ ಆಗಾಕತ್ತೈತಿ?" ಎಂದು ಕೇಳುತ್ತಿದ್ದರಂತೆ. ಚಾತುರ್ಮಾಸ ಹಿಡಿದ ಮೇಲೆ ಮುಂಜಾನೆ ಮೌನ. ಬಾಯಿಬಿಟ್ಟು ಮಾಡುವ ಜಪಕ್ಕಿಂತ ಮನಸ್ಸಿನಲ್ಲಿ ಮಾಡುವ ಜಪ ದೊಡ್ಡದು ಎಂಬುದನ್ನು ಅವರು ಎಳೆತನದಿಂದ ಕೇಳಿದವರು. ಇದಕ್ಕೂ ಅದೇ ಸರಿ ಎನಿಸಿತು.

"ಹಗುರ ಅಂತ ತಿಳೀಬ್ಯಾಡ ತಂಗಿ" ಎಂದರು. ಅದುವರೆಗೆ ಮ್ಯಾಡಮ್ ಎನ್ನುತ್ತಿದ್ದವರು. "ಬಾಯಿಲೆ ಮಾಡೋದು ಸರಳ. ಮನಸ್ಸಿನ್ಯಾಗ ಹಿಡಿಯೋದು ಕಠಿಣ. ನಾಲಗಿ ಹಿಂದಕ್ಕ ಹೋತು, ಮುಂದಕ್ಕ ಬಂತು, ಹಿಂಗ ಒಂದೊಂದು ಮಣೀಗೂ ಕಂಡೇನಿ. ನೂರಾ ಎಂಟರಾಗ ಒಂದೂ ಬಿಟ್ಟಿಲ್ಲ."

ಅದು ನಿಜವೆಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಹಾಗಾದರೆ ಆ ಹತ್ತು ಸೊನ್ನೆಗಳು ಎಲ್ಲಿಂದ ಬಂದವು? ಬ್ಯಾಗಿನಿಂದ ಕಾಕುವಿನ ತಖ್ತೆ ತೆಗೆದು ಕೊನೆಯ ಸಾಲನ್ನು ತೋರಿಸಿದೆ. ಕಾಕು ಸೆರಗಿಗೆ ಕೈ ಒರೆಸಿಕೊಂಡು ನೋಡಿದರು.

"ಆ ಹತ್ತು ದಿವಸ ನಾ ಅಲ್ಲಿ ಮಲಗೇ ಇಲ್ರಿ. ಪರ್ವದಾಗ ನಾವು ಬ್ಯಾರೆ ಬ್ಯಾರೆ ಮಲಗ್ತೇವಿ. ನಾನೂ ಮಾವಶೀನೂ ನಡುಮನ್ಯಾಗ, ಅವರು ಹೊರಗ ಪಡಸಾಲ್ಯಾಗ."

"ಜೋಳ?"

"ಯಾರು ಹಾಕ್ಬೇಕ್ರಿ? ನಾ ಕೇಳಿಲ್ಲ ಅಂದಮ್ಯಾಲ ಏನಂತ ಬರೀಲಿ? ಅದಕ್ಕ ಖಾಲಿ ಬಿಟ್ಟೇನಿ."

ಕಾಕು ಮಾಡಿದ್ದೇ ಸರಿಯಾದ ಕೆಲಸ. ಗೊತ್ತಿಲ್ಲದ್ದನ್ನು ಅವರು ಬರೆದಿರಲಿಲ್ಲ. ಅದನ್ನು ತುಂಬಿದವಳು ನಾನು. ಹಿಂದಿನ ಸಂಜೆ ಪರದೆಯ ಮೇಲೆ ಎಲ್ಲರೂ ನೋಡಿದ್ದು, ಒಂದು ಮನೆಯಲ್ಲಿ ಹತ್ತು ದಿನ ಯಾರೂ ಕೇಳಿಸಿಕೊಳ್ಳಲಿಲ್ಲ ಎಂಬುದನ್ನಷ್ಟೇ.

ಚೀಟಿ ಬ್ಯಾಗಿನ ಒಳಜೇಬಿನಲ್ಲಿತ್ತು. ಆ ಕೆಲವು ನಿಮಿಷ ನಾನು ಯೋಚಿಸಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಸಹಿ ನನ್ನದಲ್ಲ, ಡಾಕ್ಟರದು. ಹಗಲು, ಹತ್ತಿರದ ದೂರ ಎಂದು ಬರೆದಿದೆ. ಚೀಟಿ ಕೊಟ್ಟು, ನಾಳೆಯಿಂದ ಬಾಯಿ ತೆರೆದು ಮಾಡಿ ಎಂದರೂ ಆಗುತ್ತದೆ. ಕೊಡದಿದ್ದರೆ ಚಪ್ಪಾಳೆಯನ್ನು ಹಿಂದಕ್ಕೆ ಕೊಡಬೇಕು. ಅಷ್ಟರಲ್ಲಿ ಮಾವಶಿ ಚೀಲದ ಬಾಯಿ ಬಿಚ್ಚಿ ಚಾವಿ ಹೊರಗೆ ತೆಗೆದರು. ಬಲಗೈಯಿಂದ. ಬೆರಳುಗಳು ಚಾವಿಯ ಸುತ್ತ ಪೂರ್ತಿ ಮಡಚಲಿಲ್ಲ. ಅದು ಜಾರಿ ಜಗುಲಿಯ ಕಲ್ಲಿನ ಮೇಲೆ ಬಿತ್ತು.

ನಾನು ಅದನ್ನು ಎತ್ತಿ ಮಾವಶಿಯ ಚೀಲಕ್ಕೇ ಹಾಕಿದೆ.

"ಚೀಟಿ ತಂದೇನ್ರಿ ಕಾಕಾ. ಕೊಡಾಂಗಿಲ್ಲ."

"ಡಾಕ್ಟರು ಬರದಾರಲ್ಲ?"

"ನಾ ಬರದದ್ದು ನೋಡಿ ಬರದಾರ. ನಾ ಬರದದ್ದು ತಪ್ಪೈತಿ."

ಕಾಕಾ ಜಪಮಾಲೆಯನ್ನು ಚಾಪೆಯ ಮೇಲಿಟ್ಟರು. "ನಾ ಸುಳ್ಳು ಹೇಳಿಲ್ಲ" ಎಂದರು. ಹೌದು, ಹೇಳಿಲ್ಲ ಎಂದೆ. ಎದ್ದು ಹೋಗಿ ಜೀಪಿನ ಹೂವಿನ ಮಾಲೆ ಬಿಚ್ಚಿ, ವ್ಯರ್ಥವಾಗಬಾರದೆಂದು ತುಳಸಿಕಟ್ಟೆಗೆ ಹಾಕಿದರು. ಮಾವಶಿ ಎಡಗೈಯಿಂದ ಚೀಲದ ಬಾಯಿ ಬಿಗಿದರು. ಕಾಕು ನನ್ನನ್ನು ಊಟವಿಲ್ಲದೆ ಕಳುಹಿಸಲಿಲ್ಲ. ಉಂಡೆ, ರುಚಿ ನೆನಪಿಲ್ಲ.

ಸೋಮವಾರ ಡಾಕ್ಟರ ಮುಂದೆ ಚೀಟಿ ಇಟ್ಟು ಎಲ್ಲ ಹೇಳಿದೆ. ಖಾಲಿ ಚೌಕಕ್ಕೆ ಸೊನ್ನೆ ಬರೆಯಲು ಯಾರು ಹೇಳಿದರು ಎಂದು ಅವರು ಎರಡು ಸಲ ಕೇಳಿದರು. ಎರಡನೆಯ ಸಲ ಮೇಜಿನ ಮೇಲೆ ಕೈ ಬಡಿದು ಕೇಳಿದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, ಯಂತ್ರ ಬರುವವರೆಗೆ ಕಾಯದಿದ್ದದ್ದು ತಮ್ಮ ತಪ್ಪು ಎಂದರು. ನಡೆದದ್ದನ್ನು ಒಂದು ಪುಟದಲ್ಲಿ ಬರೆಸಿ, ನನ್ನ ಸಹಿಯ ಕೆಳಗೆ ತಮ್ಮದನ್ನು ಹಾಕಿ, ಶನಿವಾರ ಬಂದಿದ್ದವರಿಗೆಲ್ಲ ಕಳುಹಿಸಿದರು. ಮೂವರು ಫೋನ್ ಮಾಡಿದರಂತೆ. ಏನು ಹೇಳಿದರೆಂದು ನಾನು ಕೇಳಲಿಲ್ಲ. ಮುಂದಿನ ಎರಡು ತಿಂಗಳು ಅವರು ನನ್ನ ಬಳಿ ಬೇರೆ ರೋಗಿಯನ್ನು ಕಳುಹಿಸಲಿಲ್ಲ.

ಮತ್ತೆ ದಿನ ಒಂದರಿಂದ ಶುರು. ಈ ಸಲ ಕಾಕಾ ವಾರಕ್ಕೆ ಎರಡು ದಿನ ನನ್ನ ಎದುರೇ ಮಾಡಬೇಕು, ನಾನು ಬಾಗಿಲ ಕಡೆ ತಿರುಗುವುದಿಲ್ಲ. ಮನೆಯಲ್ಲಿ ಮಾವಶಿ ಎದುರು ಕುಳಿತು, ಕಣ್ಣಿಗೆ ಕಂಡದ್ದನ್ನು ಮಾತ್ರ ಎಣಿಸಬೇಕು. ಜಪಮಾಲೆ ಗೂಟದಲ್ಲೇ ಇರಬೇಕು. ಇಪ್ಪತ್ತೆಂದರೆ ಇಪ್ಪತ್ತು. ತಖ್ತೆಯಲ್ಲಿ ಮೂರು ಗುರುತು: ಅಂಕಿ, ಸೊನ್ನೆ, ಮತ್ತು ಗೊತ್ತಿಲ್ಲ ಎನ್ನಲು ಒಂದು ಅಡ್ಡಗೆರೆ. ನಾಲ್ಕನೆಯ ದಿನ ಕಾಕಾ ಗಲ್ಲ ಹಿಡಿದುಕೊಂಡು ಬಂದರು. "ನಾಲಗಿ ಬುಡ ನೋಯಾಕತ್ತೈತ್ರಿ. ಇಷ್ಟು ದಿವಸ ನೋಯಲೇ ಇಲ್ಲ ನೋಡ್ರಿ." ಆ ನೋವನ್ನು ಬರೆದುಕೊಂಡಷ್ಟು ಸಮಾಧಾನದಿಂದ ನಾನು ಬೇರೇನನ್ನೂ ಬರೆದುಕೊಂಡಿಲ್ಲ. ಮಾವಶಿ ಮೊದಮೊದಲು ನಗುತ್ತಿದ್ದರು. ಆಮೇಲೆ ತಾವೂ ಜತೆಗೆ "ಆ, ಆ" ಎನ್ನತೊಡಗಿದರು, ತಮಗೂ ಗೊರಕೆ ಇದೆಯೆಂದು.

ಕಾಳುಗಳು ಏಳರಿಂದ ಆರು, ಐದು, ನಾಲ್ಕು. ನಡುವೆ ಹದಿನಾಲ್ಕು ಅಡ್ಡಗೆರೆ. ತೊಂಬತ್ತು ದಿನದ ಮೇಲೆ ರಿಪೇರಿಯಾಗಿ ಬಂದಿದ್ದ ಯಂತ್ರದಲ್ಲಿ ಅವರನ್ನು ಮಲಗಿಸಿದರು. ಇಪ್ಪತ್ತೆರಡು ಇದ್ದದ್ದು ಹದಿಮೂರಕ್ಕೆ ಬಂದಿತ್ತು. ಡಾಕ್ಟರು ಅದನ್ನು ಒಳ್ಳೆಯ ಫಲ ಎಂದರು. ಹನ್ನೊಂದು ಜನರನ್ನು ಕೂರಿಸಿಕೊಂಡು ಓಡಿಸಲು ಸಾಲದು ಎಂದೂ ಹೇಳಿದರು. ವ್ಯಾಯಾಮ ಬಿಡಬಾರದು. ಇನ್ವರ್ಟರ್ ಹಾಕಿಸಿಕೊಂಡು ಯಂತ್ರವನ್ನು ಮತ್ತೊಮ್ಮೆ ನೋಡಬೇಕು. ಸ್ಟೀರಿಂಗ್ ಬೇಡ.

ಕಾಕಾ ಕುರ್ಚಿಯಿಂದ ಏಳಲು ಹೊತ್ತು ಹಿಡಿಯಿತು. ಮಿರಜ ಸ್ಟ್ಯಾಂಡಿನಲ್ಲಿ ವಡಾಪಗಳಿಗೆ ಪಾಳಿ ಇರುತ್ತದೆ. ಮೂರು ತಿಂಗಳವರೆಗೆ ಉಳಿದ ಚಾಲಕರು ಅವರ ಮುಂಜಾನೆಯ ಪಾಳಿಯನ್ನು ಹಿಡಿದಿಟ್ಟಿದ್ದರು. ಆರು ತಿಂಗಳು ಯಾರು ಹಿಡಿಯುತ್ತಾರೆ? ನನ್ನ ಹತ್ತು ಸೊನ್ನೆ ಇಲ್ಲದಿದ್ದರೆ, ಎಂಬತ್ತನೆಯ ದಿನವೇ ಏನೋ ಸರಿಯಿಲ್ಲ ಎಂದು ನಾನು ಎದ್ದು ಬೇಡಗಕ್ಕೆ ಹೋಗಿದ್ದರೆ ಎಂದು ಈಗಲೂ ಯೋಚಿಸುತ್ತೇನೆ. ಕಾಕಾ ಅದನ್ನು ಒಮ್ಮೆಯೂ ಬಾಯಿಬಿಟ್ಟು ಕೇಳಲಿಲ್ಲ. ಮನಸ್ಸಿನಲ್ಲಿ ಎಷ್ಟು ಸಲ ಕೇಳಿಕೊಂಡರೋ ಗೊತ್ತಿಲ್ಲ.

ಮಾಘದಲ್ಲಿ ಒಂದು ಮಧ್ಯಾಹ್ನ ಮಿರಜಿನಿಂದ ಬೇಡಗಕ್ಕೆ ಅದೇ ಜೀಪಿನಲ್ಲಿ ಹೋದೆ. ಸ್ಟೀರಿಂಗಿನಲ್ಲಿ ಅವರು ಗೊತ್ತುಮಾಡಿಕೊಂಡ ಚಾಲಕ. ಕಾಕಾ ಪಕ್ಕದ ಸೀಟಿನಲ್ಲಿ ಕುಳಿತು, ಸ್ಟ್ಯಾಂಡಿನಲ್ಲಿ "ಬೇಡಗ, ಬೇಡಗ" ಎಂದು ಗಂಟಲು ತೆರೆದು ಕೂಗಿ ಜನ ತುಂಬಿಸಿಕೊಂಡಿದ್ದರು. ನನ್ನನ್ನು ನೋಡಿ "ಬಾ ತಂಗಿ, ಈಗ ಬಾಯಿಲೇ ಮಾಡ್ತೇನಿ" ಎಂದರು. ನಾನು ಅವರ ಹಿಂದೆಯೇ ಕುಳಿತೆ. ಊರು ದಾಟಿ ನೇರ ರಸ್ತೆ ಬಂದಾಗಿನಿಂದ ಅವರ ಕತ್ತನ್ನೇ ನೋಡುತ್ತಿದ್ದೆ. ತಲೆ ವಾಲಲಿಲ್ಲ. ಚರಂಡಿ ಇದ್ದ ಕಡೆ ಕಾಕಾ ಎಡಕ್ಕೆ ನೋಡಿದರು. ಅಲ್ಲಿಂದ ಸ್ವಲ್ಪ ಮುಂದೆ ಪಕ್ಕದವರು ಏನೋ ಕೇಳಿದ್ದಕ್ಕೆ ತಿರುಗಿ ಉತ್ತರ ಹೇಳಿದೆ. ಮತ್ತೆ ನೋಡಿದಾಗ ಅವರು ಮೊದಲಿನಂತೆಯೇ ಕುಳಿತಿದ್ದರು.

ಇಳಿದ ಮೇಲೆ ಬರೆದೆ: ತೂಕಡಿಕೆ, ನೋಡಿದಷ್ಟು ಹೊತ್ತು ೦. ತಿರುಗಿದ್ದ ಹೊತ್ತಿನ ಚೌಕದಲ್ಲಿ ಒಂದು ಅಡ್ಡಗೆರೆ.